ಇಸಿಯು ಬದಲಿಸುವ ಮೊದಲು ಅರ್ತ್ ನೋಡಿ

ಅಂಡರ್‌ಪಾಸ್ ನೀರಿನಲ್ಲಿ ನಿಂತ ಕಾರು ಮರುದಿನ ಸ್ಟಾರ್ಟ್ ಆಗದಿದ್ದರೆ, ‘ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿದೆ’ ಎಂಬ ಮಾತು ಬೆಂಗಳೂರಿನ ಗ್ಯಾರೇಜುಗಳಲ್ಲಿ ಬಲು ಬೇಗ ಬರುತ್ತದೆ. ದುಬಾರಿ ಪೆಟ್ಟಿಗೆ ಬದಲಿಸಿದ ಮೇಲೂ ದೋಷ ಹಾಗೇ ಉಳಿಯುವುದುಂಟು. ಬಹುತೇಕ ಸಲ ಕೆಟ್ಟಿರುವುದು ಇಸಿಯು ಅಲ್ಲ, ಅದಕ್ಕೆ ಬರುವ ಸಪ್ಲೈ ಇಲ್ಲವೇ ಅರ್ತ್, ಅಂದರೆ ಬ್ಯಾಟರಿ ನೆಗೆಟಿವ್‌ಗೆ ಕರೆಂಟು ಮರಳುವ ದಾರಿ.

ಮೊದಲು ಬ್ಯಾಟರಿ. ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸರಿಮಾಡಿಕೊಂಡೇ ಮುಂದುವರಿಯಿರಿ.

ನಂತರ ಇಸಿಯುವಿನ ದೋಷ ಕೋಡ್ ಓದುವ ಸ್ಕ್ಯಾನರ್. ಕೋಡ್‌ಗಳನ್ನು ಬರೆದಿಟ್ಟುಕೊಂಡ ಮೇಲೆಯೇ ಅಳಿಸಿ. ಪಿ0606 (ಇಸಿಯು ಪ್ರೊಸೆಸರ್ ದೋಷದ ಕೋಡ್) ಕಂಡ ಕೂಡಲೇ ಇಸಿಯು ಬಿಚ್ಚಬೇಡಿ, ವೋಲ್ಟೇಜ್ ಕುಸಿದಾಗಲೂ ಅದು ಬರಬಹುದು. ಸ್ಕ್ಯಾನರ್ ಕನೆಕ್ಟ್ ಆಗದಿದ್ದರೆ ಸ್ಟೇರಿಂಗ್ ಕೆಳಗಿನ ಸಾಕೆಟ್‌ನ 16ನೇ ಪಿನ್‌ನಲ್ಲಿ ಬ್ಯಾಟರಿ ವೋಲ್ಟೇಜ್, 4 ಮತ್ತು 5ರಲ್ಲಿ ಅರ್ತ್ ಇದೆಯೇ ನೋಡಿ. ಬ್ಯಾಟರಿ ಟರ್ಮಿನಲ್ ತೆಗೆದು ಅದೇ ಸಾಕೆಟ್‌ನ 6 ಮತ್ತು 14ನೇ ಪಿನ್‌ಗಳ (ಕಾರಿನ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಲೈನ್) ನಡುವೆ ಅಳೆದರೆ ಹೆಚ್ಚಿನ ಕಾರುಗಳಲ್ಲಿ ಸುಮಾರು 60 ಓಮ್ ಬರುತ್ತದೆ. 120 ಬಂದರೆ ಲೈನ್ ಎಲ್ಲೋ ಕಟ್ ಆಗಿರಬಹುದು. ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳನ್ನು ಈ ಕೆಲಸಕ್ಕೆ ನೆಚ್ಚಬೇಡಿ. ಅವು ಎಷ್ಟೋ ಸಲ ಎಂಜಿನ್ ಕೋಡ್ ಬಿಟ್ಟು ಬೇರೇನೂ ಓದುವುದಿಲ್ಲ.

ಎಲ್ಲರೂ ಎಡವುವುದು ಸಪ್ಲೈ ಪರೀಕ್ಷೆಯಲ್ಲಿ. ಒಂದೇ ಎಳೆ ಉಳಿದ ವೈರ್‌ನಲ್ಲೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ, ಲೋಡ್ ಬಿದ್ದರೆ ಅದು ತಡೆಯುವುದಿಲ್ಲ. ಆದ್ದರಿಂದ ಬ್ಯಾಟರಿ ತೆಗೆದು ಇಸಿಯು ಕನೆಕ್ಟರ್ ಬಿಚ್ಚಿ, ಬ್ಯಾಟರಿ ಮತ್ತೆ ಜೋಡಿಸಿ, ವೈರಿಂಗ್ ಡಯಾಗ್ರಾಂ ನೋಡಿ ಸಪ್ಲೈ ಪಿನ್‌ಗೂ ಅರ್ತ್ ಪಿನ್‌ಗೂ ನಡುವೆ 21 ವಾಟ್‌ನ ಇಂಡಿಕೇಟರ್ ಬಲ್ಬ್ ಹಚ್ಚಿ. ಬಲ್ಬ್ ಪೂರ್ತಿ ಉರಿಯಬೇಕು. ಮಂಕಾದರೆ ಆ ದಾರಿಯಲ್ಲೇ ದೋಷ. ಹಲವು ಕಾರುಗಳಲ್ಲಿ ಮೇನ್ ರಿಲೇಯನ್ನು (ಇಸಿಯುಗೆ ಕರೆಂಟು ಕೊಡುವ ಸ್ವಿಚ್) ಇಸಿಯುವೇ ಆನ್ ಮಾಡುತ್ತದೆ. ಇಸಿಯು ಬಿಚ್ಚಿದಾಗ ಆ ಪಿನ್‌ನಲ್ಲಿ ಕರೆಂಟು ಇಲ್ಲದಿದ್ದರೆ ಗಾಬರಿ ಬೇಡ, ರಿಲೇ ತೆಗೆದು, ಅದರ ಸಾಕೆಟ್‌ನ ಸ್ವಿಚ್ ಬದಿಯ ಎರಡು ಪಿನ್‌ಗಳನ್ನು ವೈರ್ ತುಂಡಿನಿಂದ ಜೋಡಿಸಿ ನೋಡಿ. ಈ ಬಲ್ಬನ್ನು ಸಿಗ್ನಲ್ ಪಿನ್‌ಗಳಿಗೆ ಎಂದಿಗೂ ಹಚ್ಚಬೇಡಿ. ದಪ್ಪ ಪ್ರೋಬನ್ನು ಪಿನ್ ಒಳಗೆ ತುರುಕಲೂ ಬೇಡಿ; ಟರ್ಮಿನಲ್ ಅಗಲವಾಗಿ ಹೊಸ ಲೂಸ್ ಕನೆಕ್ಷನ್ ಹುಟ್ಟುತ್ತದೆ.

ಕನೆಕ್ಟರ್ ಮತ್ತೆ ಹಾಕಿ, ಎಂಜಿನ್ ಓಡುತ್ತಿರುವಾಗ (ಸ್ಟಾರ್ಟ್ ಆಗದಿದ್ದರೆ ಕೀ ಆನ್ ಮಾಡಿ) ಹೆಡ್‌ಲೈಟ್ ಹಾಕಿ, ಇಸಿಯು ಅರ್ತ್ ವೈರ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆಯಿರಿ. 0.1 ವೋಲ್ಟ್ ದಾಟಿದರೆ ಅರ್ತ್ ಬೋಲ್ಟ್ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿ. ಪಿನ್‌ಗಳ ಹಸಿರು ಕಿಲುಬಿಗೆ ಕಾಂಟ್ಯಾಕ್ಟ್ ಕ್ಲೀನರ್ ಬಳಸಿ, ಪೆಟ್ರೋಲ್ ಬೇಡ.

ಇನ್ನುಳಿದದ್ದು ಇಸಿಯು ತನ್ನ ಸೆನ್ಸರ್‌ಗಳಿಗೆ ಕೊಡುವ 5 ವೋಲ್ಟ್. ಅದು ಇಲ್ಲದಿದ್ದರೆ ಆ ಲೈನ್‌ನ ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚಿ. ಯಾವುದನ್ನು ತೆಗೆದಾಗ 5 ವೋಲ್ಟ್ ವಾಪಸ್ ಬಂತೋ ಅದೇ ಶಾರ್ಟ್ ಆಗಿದೆ. ಎಲ್ಲ ಬಿಚ್ಚಿದರೂ ಬಾರದಿದ್ದರೆ ವೈರ್ ಶಾರ್ಟ್ ನೋಡಿ. ಅದೂ ಸರಿಯಿದ್ದರೆ ಆಗ ಇಸಿಯು ಮೇಲೆ ಅನುಮಾನಪಡಿ.

ಜೆ.ಸಿ. ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಇಸಿಯು ಹುಡುಕುವವರು ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಿಸಿಕೊಳ್ಳಿ. ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿಗೆ ಕೋಡಿಂಗ್ ಆಗದೆ ಅದು ಸ್ಟಾರ್ಟ್ ಮಾಡಿಸದು. ಹಳೆಯದನ್ನು ಗುಜರಿಗೆ ಹಾಕಬೇಡಿ, ಡೇಟಾ ನಕಲು ಮಾಡಲು ಅದೇ ಬೇಕು.