ಮೊಳೆ, ಮಗ್ಗ, ಮಗ: ನನ್ನ ಪುಸ್ತಕ ನಾನೇ ತಂದ ಅನುಭವ

ನನ್ನ ಅಪ್ಪ ಗದಗಿನ ಒಂದು ಪ್ರೆಸ್ಸಿನಲ್ಲಿ 26 ವರ್ಷ ಮೊಳೆ ಜೋಡಿಸಿದರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಎತ್ತಿ ಸಾಲು ಮಾಡುವ ಕೆಲಸ ಅದು. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ನಿಂತ ಆ ಅಕ್ಷರಗಳನ್ನು ಅಪ್ಪ ಪೇಪರ್ ಓದಿದಷ್ಟೇ ಸಲೀಸಾಗಿ ಓದುತ್ತಿದ್ದರು. ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂತು, ಪ್ರೆಸ್ಸಿನವರು ಮೊಳೆಯಿಂದ ಅಚ್ಚು ಹಾಕುವ ಟ್ರೆಡಲ್ ಮಷಿನ್ ಮಾರಿದರು. ಆಗ ನನಗೆ ಹನ್ನೆರಡು ವರ್ಷ.

ಅವ್ವ ಬೆಟಗೇರಿಯ ಮನೆಯಲ್ಲಿ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ನನ್ನ ತೊಟ್ಟಿಲು ಮಗ್ಗದ ಪಕ್ಕದಲ್ಲೇ ಇತ್ತಂತೆ. ಲಾಳಿಯ ಸಪ್ಪಳ ಇರುವಷ್ಟು ಹೊತ್ತು ನಿದ್ದೆ, ಸಪ್ಪಳ ನಿಂತರೆ ಅಳು.

2019ರಲ್ಲಿ ನಾನು ನನ್ನ ಮೊದಲ ಕಥಾ ಸಂಕಲನವನ್ನು ಸ್ವಂತ ಖರ್ಚಿನಲ್ಲಿ ತಂದೆ. ಅದನ್ನು ಹೇಗೆ ಮಾಡಿದೆ ಅಂತ ಕೇಳುವವರಿಗೆ ಉತ್ತರ ಕೊಡಲು ಕೂತರೆ ಈ ಎರಡು ಸಪ್ಪಳಗಳೇ ಮೊದಲು ನೆನಪಾಗುತ್ತವೆ.

ಮಗ ಹುಟ್ಟಿದ್ದು 2014ರಲ್ಲಿ. ಅದಾದ ಮೇಲೆ ಎರಡು ವರ್ಷ ನಾನು ಒಂದು ಸಾಲೂ ಬರೆಯಲಿಲ್ಲ. ಅವನು ಮೊಬೈಲಿನ ಬೆಳಕಿಗೂ ಎಚ್ಚರಾಗುತ್ತಿದ್ದ. ಹಗಲು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ, ಸಂಜೆ ಅಡುಗೆ. ಕತೆಗಳು ತಲೆಯಲ್ಲಿ ಬರುತ್ತಿದ್ದವು, ಹಾಗೇ ಹೋಗುತ್ತಿದ್ದವು. ಹೊಸ ತಾಯಂದಿರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳುತ್ತೇನೆ, ಆ ಎರಡು ವರ್ಷದಲ್ಲಿ ನನ್ನ ಬರವಣಿಗೆ ಸಾಯಲಿಲ್ಲ. ಆಗ ಮಾತ್ರ ಸತ್ತೇ ಹೋಯಿತು ಅಂತ ನಂಬಿದ್ದೆ.

ಮತ್ತೆ ಶುರುವಾದಾಗ ಸಿಕ್ಕಿದ್ದು ಹದಿನೈದು ನಿಮಿಷದ ತುಂಡುಗಳು. ಬೆಳಗ್ಗೆ ನೀರು ಕಾಯುವಾಗ ಒಂದು, ಅವನು ಮಲಗಿದ ಮೇಲೆ ಒಂದು. ಕೂತ ಮೇಲೆ ಎಲ್ಲಿಗೆ ಬಿಟ್ಟಿದ್ದೆ ಅಂತ ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತಿತ್ತು. ಇದನ್ನು ಅವ್ವನ ಮುಂದೆ ಹೇಳಿಕೊಂಡೆ. ಅವಳು ಓದಿದ್ದು ಎರಡನೇ ಇಯತ್ತೆ. "ಕಂಡಿಕಿ ಖಾಲಿ ಇಟ್ಟು ಮಗ್ಗದಿಂದ ಏಳಬಾರದವಾ" ಅಂದಳು. ಹೌದು, ಅವ್ವ ಯಾವತ್ತೂ ಲಾಳಿಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿಯೇ ಏಳುತ್ತಿದ್ದಳು. ತಿರುಗಿ ಬಂದು ಕುಣಿಯಲ್ಲಿ ಕಾಲಿಟ್ಟ ಕೂಡಲೇ ನೇಯ್ಗೆ ನಡೆಯುತ್ತಿತ್ತು. ಅಂದಿನಿಂದ ನಾನೂ ಏಳುವ ಮೊದಲು ಒಂದು ಚೀಟಿಯಲ್ಲಿ ಮುಂದೆ ಏನು ಅಂತ ಎರಡು ಮಾತು ಬರೆದಿಟ್ಟು ಏಳುತ್ತೇನೆ. 'ಅತ್ತೆ ಬಾಗಿಲಲ್ಲಿ, ಕೈಯಲ್ಲಿ ಬುಟ್ಟಿ.' ಅಷ್ಟೇ ಸಾಕು.

ಫೋನಿನಲ್ಲಿ ಮಾತಾಡಿ ಟೈಪ್ ಮಾಡುವುದನ್ನೂ ಪ್ರಯತ್ನಿಸಿದೆ. 2017ರಲ್ಲಿ ಗೂಗಲ್ ಅದನ್ನು ಕನ್ನಡಕ್ಕೂ ತಂದಿತ್ತು. ರೊಟ್ಟಿ ಬಡಿಯುತ್ತಲೇ ಒಂದು ಪುಟ ಹೇಳಬಹುದಿತ್ತು. ಆದರೆ ನಮ್ಮ ಕಡೆಯ 'ಹೋಗ್ಯಾನ', 'ಬಂದಾಳ' ಅದಕ್ಕೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಅದಕ್ಕೆ ತಿಳಿಯಲಿ ಅಂತ ನಾನು ಪುಸ್ತಕದ ಕನ್ನಡ ಮಾತಾಡತೊಡಗಿದೆ. ನನ್ನ ಕತೆಯ ಹೆಂಗಸರೆಲ್ಲ ರೇಡಿಯೋ ವಾರ್ತೆ ಓದುವ ಹಾಗೆ ಮಾತಾಡಿದರು. ಆ ಪುಟಗಳನ್ನು ತೆಗೆದು ಹಾಕಿದೆ. ಸಂಭಾಷಣೆಯನ್ನು ಈಗಲೂ ಕೈಯಲ್ಲೇ ಬರೆಯುತ್ತೇನೆ.

2018ರ ಬೇಸಿಗೆಯಲ್ಲಿ ಕೊನೆಯ ಮೂರು ಕತೆ ಮುಗಿಸಬೇಕಿತ್ತು. ಭಾನುವಾರ ಮಧ್ಯಾಹ್ನ ಮಗನನ್ನು ಅತ್ತೆಯ ಹತ್ತಿರ ಬಿಟ್ಟು, ಕೋಣೆಯ ಬಾಗಿಲು ಹಾಕಿಕೊಂಡು ಬರೆದೆ. ಆರು ವಾರ ಹಾಗೆ ನಡೆಯಿತು.

ಅಚ್ಚಿನ ಕೆಲಸದಲ್ಲಿ ನನಗೆ ಏನೂ ಗೊತ್ತಿರಲಿಲ್ಲ. ಪ್ರತಿ ಪುಸ್ತಕಕ್ಕೂ ಗುರುತಾಗಿ ಕೊಡುವ ಐಎಸ್‌ಬಿಎನ್ ಸಂಖ್ಯೆಗೆ ಸಾವಿರಾರು ರೂಪಾಯಿ ಆಗುತ್ತದೆ ಅಂತ ಒಬ್ಬರು ಹೆದರಿಸಿದ್ದರು. ಅದು ಪುಕ್ಕಟೆ. ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು, ಲೇಖಕರೇ ಪ್ರಕಾಶಕರಾದರೂ ಕೊಡುತ್ತಾರೆ. ಜಾಸ್ತಿ ಕಷ್ಟವಾದದ್ದು ಡಿಟಿಪಿ. ನಾನು ಫೋನಿನಲ್ಲಿ ಯೂನಿಕೋಡ್ ಅಕ್ಷರದಲ್ಲಿ ಬರೆದಿದ್ದೆ. ಡಿಟಿಪಿ ಮಾಡುವವರು ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶಕ್ಕೆ 'ನುಡಿ' ಎಂಬ ಹಳೆಯ ಫಾಂಟಿನ ಅಕ್ಷರ ಬೇಕು. ಪರಿವರ್ತನೆ ಮಾಡಿದಾಗ 'ವರ್ಷ', 'ಕಾರ್ಯ' ಎಂಬಲ್ಲೆಲ್ಲ ಅರ್ಕಾವೊತ್ತು ಬಿದ್ದುಹೋಯಿತು. ಕೆಲವು ಕಡೆ ದೀರ್ಘವೂ ಹೋಯಿತು. ನಾನು ಎರಡು ಸಲ ಓದಿ, ಎಲ್ಲ ಸರಿ ಇದೆ ಅಂದುಕೊಂಡಿದ್ದೆ.

ಅಪ್ಪ ಕರಡು ಕೇಳಿ ಇಸಿದುಕೊಂಡರು. ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು, ಕೆಂಪು ಪೆನ್ನು ಹಿಡಿದು ನಾಲ್ಕು ದಿನ ಕೂತರು. 213 ತಪ್ಪು ಸಿಕ್ಕವು. "ನೀ ಕತಿ ಓದಿದಿ, ಅಕ್ಷರ ಓದಲಿಲ್ಲ" ಅಂದರು. ಎರಡನೇ ಕರಡಿಗೆ ಪ್ರೆಸ್ಸಿನ ಹಳೆಯ ಪದ್ಧತಿ ಹಿಡಿದರು. ನಾನು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕು. ಅವರು ಕರಡಿನ ಮೇಲೆ ಕಣ್ಣಿಟ್ಟಿರುತ್ತಾರೆ. ಹಾಗೆ ಓದುವಾಗಲೇ ನನ್ನ ಕತೆಗಳಲ್ಲಿ ಎಲ್ಲಿ ಮಾತು ಜಾಸ್ತಿಯಾಗಿದೆ ಅಂತ ನನಗೆ ಕೇಳಿಸಿತು. ಸಣ್ಣ ಕತೆಗಳೆರಡನ್ನು ಪೂರ್ತಿ ಕೈಬಿಟ್ಟೆ.

ಈಗ ಲೆಕ್ಕ. 1/8 ಡೆಮಿ ಎಂಬ ಕಾಗದದ ಅಳತೆ, 128 ಪುಟ, ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟದ ಎಂಟು ಫಾರಂ. 500 ಪ್ರತಿಗೆ ಮುಖಪುಟ, ಡಿಟಿಪಿ, ಕಾಗದ, ಬೈಂಡಿಂಗ್ ಎಲ್ಲ ಸೇರಿ 41,500 ರೂಪಾಯಿ ಆಯಿತು. ಚೀಟಿ ಎತ್ತಿದ ಹಣ ಮತ್ತು ನಮ್ಮ ಮನೆಯವರ ಬೋನಸ್ಸು ಅದಕ್ಕೇ ಹೋಯಿತು. ಒಂದು ಪ್ರತಿಗೆ 83 ರೂಪಾಯಿ ಬಿತ್ತು. ನಾನು ಬೆಲೆ ಇಟ್ಟಿದ್ದು 130. ಅಂಗಡಿಯವರಿಗೆ ನೂರಕ್ಕೆ 40 ಕಮಿಷನ್ ಬಿಟ್ಟರೆ ನನ್ನ ಕೈಗೆ 78. ಪ್ರತಿ ಪುಸ್ತಕಕ್ಕೂ ಐದು ರೂಪಾಯಿ ನಷ್ಟ! ಓದುವವರಿಗೆ ಭಾರ ಆಗಬಾರದು ಅಂತ ಕಡಿಮೆ ಇಟ್ಟಿದ್ದೆ. ಅಂಗಡಿಗೆ ಕೊಡುವುದಾದರೆ ಬೆಲೆ ಖರ್ಚಿನ ಎರಡು ಪಟ್ಟಾದರೂ ಇರಬೇಕು. ಒಬ್ಬ ವಿತರಕರು 60 ಪ್ರತಿ ಒಯ್ದವರು ಇವತ್ತಿನವರೆಗೂ ಹಣ ಕೊಟ್ಟಿಲ್ಲ.

ಉಳಿದವನ್ನು ನಾನೇ ಮಾರಿದೆ. "ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕ ತಾವೇ ಹೊತ್ತು ಊರೂರು ತಿರುಗಿ ಮಾರಿದರು, ನಿನಗೇನು ನಾಚಿಕಿ?" ಅಂತ ಅಪ್ಪ ಹೇಳುತ್ತಿದ್ದರು. ಕಾಲೇಜು, ಮಹಿಳಾ ಸಂಘ, ಜಾತ್ರೆ, ಮದುವೆ ಮನೆ, ಎಲ್ಲ ಕಡೆ ಚೀಲ ಹಿಡಿದು ಹೋದೆ. ದೂರದವರಿಗೆ ರಿಜಿಸ್ಟರ್ಡ್ ಬುಕ್ ಪೋಸ್ಟಿನಲ್ಲಿ ಕಳಿಸುತ್ತಿದ್ದೆ. ನಮ್ಮಂಥ ಸಣ್ಣವರಿಗೆ ಅದು ದೊಡ್ಡ ಆಸರೆಯಾಗಿತ್ತು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಆ ಸೇವೆ ನಿಲ್ಲಿಸಿತು. ಅದನ್ನು ಮತ್ತೆ ಶುರು ಮಾಡಬೇಕು ಅಂತ ನನಗೆ ಬಹಳ ಇದೆ.

1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು. ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು. ಆ ನಾಲ್ಕು ಪಾಕೀಟು ಕಟ್ಟಿ ಅಂಚೆಗೆ ಹಾಕಿದ್ದು ಅಪ್ಪನೇ. ಅವರು ಜೋಡಿಸಿದ ಎಷ್ಟೋ ಪುಸ್ತಕಗಳು ಅಲ್ಲಿಗೆ ಹೋಗಿರಬೇಕು. ಒಂದರಲ್ಲೂ ಅವರ ಹೆಸರಿಲ್ಲ. ಇದರಲ್ಲಿ ಮಾತ್ರ 'ಕರಡು ತಿದ್ದಿದವರು' ಎಂಬ ಸಾಲಿನ ಮುಂದೆ ಇದೆ.

ಆ ಪುಸ್ತಕದಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ಶಾಲೆಯಲ್ಲಿ ಚಡ್ಡಿ ಒದ್ದೆ ಮಾಡಿಕೊಂಡ ಹುಡುಗನ ಕತೆ ಒಂದಿತ್ತು. ಹೆಸರು ಬದಲಿಸಿದ್ದೆ. ಎಡಹುಬ್ಬಿನ ಮೇಲಿನ ಗಾಯದ ಗುರುತು ಹಾಗೇ ಬಿಟ್ಟಿದ್ದೆ. 2023ರಲ್ಲಿ ಮಗ ಅದನ್ನು ಓದಿದ. ಅವನಿಗೆ ಒಂಬತ್ತು ವರ್ಷ. "ನನ್ನ ಕೇಳಲಾರದ ಯಾಕ ಬರದಿ?" ಅಂದ. ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ಸುಮ್ನೆ ಪುಸ್ತಕ ತಿರುಗಿ ಕಪಾಟಿನಲ್ಲಿ ಇಟ್ಟ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಕ್ಕಳ ಬದುಕು ನಮ್ಮ ಕಣ್ಣ ಮುಂದೆ ನಡೆಯುತ್ತದೆ ಅಂದ ಮಾತ್ರಕ್ಕೆ ಅದು ನಮ್ಮದಾಗುತ್ತದಾ? ಎರಡನೇ ಮುದ್ರಣದಲ್ಲಿ ಆ ಕತೆ ತೆಗೆದೆ. ಅವನ ಬಗ್ಗೆ ಏನು ಬರೆದರೂ ಮೊದಲು ಅವನಿಗೆ ಓದಿ ಹೇಳಬೇಕು ಅಂತ ಅವನ ಜೊತೆ ಮಾತಾಯಿತು.

ಈಗ ಎರಡನೇ ಪುಸ್ತಕ ಕರಡಿನಲ್ಲಿದೆ. ತಾಯ್ತನದ ಬಗೆಗಿನ ಪ್ರಬಂಧಗಳು. ಅಪ್ಪನ ಕಣ್ಣು ಮೊದಲಿನಷ್ಟು ಚುರುಕಾಗಿಲ್ಲ, ಆದರೂ ಕೆಂಪು ಪೆನ್ನು ಬಿಟ್ಟಿಲ್ಲ. ಗಟ್ಟಿಯಾಗಿ ಓದುವ ಕೆಲಸ ಈಗ ಮಗನದು. ಅವನ ಬಗ್ಗೆ ಇದ್ದ ಪುಟಗಳಲ್ಲಿ ಕೆಲವಕ್ಕೆ ಒಪ್ಪಿದ್ದ, ಎರಡಕ್ಕೆ ಬೇಡ ಅಂದಿದ್ದ, ಅವು ಹೋದವು.

ಹೋದ ಭಾನುವಾರ ಇಬ್ಬರೂ ಪಡಸಾಲೆಯಲ್ಲಿ ಕೂತು ಓದುತ್ತಿದ್ದರು. ನಾನು ಒಳಗೆ ಕಾಳು ಆರಿಸುತ್ತಿದ್ದೆ. ಮಗ ಓದುವುದನ್ನು ನಿಲ್ಲಿಸಿದ. "ಅಜ್ಜಾ, ಇದು ಹಿಂಗ ಇರಲಿಲ್ಲ. ಆ ಬ್ಯಾಸಗ್ಯಾಗ ನಾ ಅತ್ತಿದ್ದು ಹಸಿವಿಗಲ್ಲ. ಅವ್ವ ಬಾಗಲಾ ಹಾಕ್ಕೊಂಡಿದ್ದಕ್ಕ."

ನಾನು ಹೊರಗೆ ಬಂದೆ. ಅಪ್ಪ ನನ್ನ ಕಡೆ ನೋಡಲಿಲ್ಲ. 'ಹಸಿವಿಗೆ' ಎಂಬ ಶಬ್ದದ ಮೇಲೆ ಗೀಟು ಎಳೆದು, ಅಂಚಿನಲ್ಲಿ ಅವನು ಹೇಳಿದ್ದನ್ನು ಗುಂಡು ಅಕ್ಷರದಲ್ಲಿ ಬರೆದರು. ಸ್ಕೇಲನ್ನು ಮುಂದಿನ ಸಾಲಿಗೆ ಸರಿಸಿ, "ಹೂಂ, ಮುಂದ ಓದಪಾ" ಅಂದರು.