ಹಳೇ ಎಲೆಕ್ಟ್ರಿಕ್ ಕಾರು ಮನೇಲಿ ಚಾರ್ಜ್ ಆಗ್ತಿಲ್ವಾ? ಗೋಡೆ ಕಡೆಯಿಂದ ಹುಡುಕ್ತಾ ಬನ್ನಿ

ರಾತ್ರಿ ಕಾರಿಗೆ ಚಾರ್ಜಿಂಗ್ ಗನ್ (ಕೇಬಲ್ ತುದಿಯ ಹಿಡಿ) ಚುಚ್ಚಿ ಮಲಗಿರ್ತೀರಿ, ಬೆಳಗ್ಗೆ ಎದ್ದು ನೋಡಿದ್ರೆ ನಿನ್ನೆ ಎಷ್ಟು ಪರ್ಸೆಂಟ್ ಇತ್ತೋ ಇವತ್ತೂ ಅಷ್ಟೇ. ಎಂಟ್ಹತ್ತು ವರ್ಷ ಓಡಿದ ಕಾರಾದ್ರೆ ತಲೆಗೆ ಮೊದಲು ಬರೋದೇ ಬ್ಯಾಟರಿ ಹೋಯ್ತು ಅಂತ. ಸ್ವಲ್ಪ ತಡೀರಿ. ದೊಡ್ಡ ಬ್ಯಾಟರಿ ಹಳೇದಾದ್ರೆ ಸಾಮಾನ್ಯವಾಗಿ ಓಡೋ ದೂರ ಕಮ್ಮಿ ಆಗತ್ತೆ, ಚಾರ್ಜಿಂಗ್ ಶುರುವೇ ಆಗ್ತಿಲ್ಲ ಅಂದ್ರೆ ಮೊದಲು ನೋಡ್ಬೇಕಾದ್ದು ಸಾಕೆಟ್ಟು, ಕೇಬಲ್ಲು, ಗನ್ನಿನ ಪಿನ್ನು, ಟೈಮರ್ರು. ಗೋಡೆಯಿಂದ ಕಾರಿನ ಕಡೆಗೆ ಬರ್ಬೇಕು, ಒಂದ್ಸಲಕ್ಕೆ ಒಂದೇ ವಸ್ತು ಬದಲಾಯಿಸ್ಬೇಕು, ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅನ್ನೋದೇ ಗೊತ್ತಾಗಲ್ಲ.

ಅದಕ್ಕೂ ಮುಂಚೆ ಟೈಮರ್, ಅಂದ್ರೆ ಇಷ್ಟು ಹೊತ್ತಿಗೆ ಚಾರ್ಜಿಂಗ್ ಶುರು ಮಾಡು ಅಂತ ಕಾರಲ್ಲಿ ಇಟ್ಟಿರೋ ಸಮಯ. ನಗ್ಬೇಡಿ, ನಾನೇ ಎರಡು ದಿನ ಕೇಬಲ್ ಮೇಲೆ ಅನುಮಾನ ಪಟ್ಟು ಕೊನೆಗೆ ನೋಡಿದ್ರೆ ಕಾರಿನ ಚಿಕ್ಕ 12 ವೋಲ್ಟ್ ಬ್ಯಾಟರಿ ಬಿಚ್ಚಿ ಹಾಕಿದಾಗ ಕಾರಿನ ಗಡಿಯಾರ ತಪ್ಪಾಗಿತ್ತು, ಪಾಪ ಕಾರು ಅದರ ಲೆಕ್ಕದ ರಾತ್ರಿಗೆ ಕಾಯ್ತಾ ಕೂತಿತ್ತು. ಟೈಮರ್ ಪೂರ್ತಿ ಆಫ್ ಮಾಡಿ, ಆಮೇಲೆ ಮುಂದಿನದು.

ಈಗ ಒಂದು ವಿಷ್ಯ ತಲೇಲಿ ಇಟ್ಕೊಳ್ಳಿ. ಗೋಡೆಗೆ ನೇತಾಡೋ ಡಬ್ಬಿನ ನಾವೆಲ್ಲ ಚಾರ್ಜರ್ ಅಂತೀವಿ, ಆದ್ರೆ ನಿಜವಾದ ಚಾರ್ಜರ್ ಇರೋದು ಕಾರಿನೊಳಗೆ, ಎಸಿ ಕರೆಂಟನ್ನ ಡಿಸಿ ಮಾಡೋದು ಅದೇ. ಡಬ್ಬಿ ಬರೀ ಒಂದು ಬುದ್ಧಿವಂತ ಸ್ವಿಚ್ಚು. ಗನ್ನಲ್ಲಿ ಟೈಪ್ 1, ಟೈಪ್ 2 ಅಂತ ಎರಡು ನಮೂನೆ, ಎರಡರಲ್ಲೂ ಪೈಲಟ್ ಅಂತ ಒಂದು ಸಣ್ಣ ಪಿನ್ ಇರತ್ತೆ, ಅದರಲ್ಲೇ ಡಬ್ಬಿ ಮತ್ತು ಕಾರು ಮಾತಾಡ್ಕೊಳ್ಳೋದು. ಗನ್ ಹಾಕದೇ ಇದ್ದಾಗ ಅದರಲ್ಲಿ 12 ವೋಲ್ಟ್, ಹಾಕಿದ್ರೆ 9ಕ್ಕೆ ಇಳಿಯತ್ತೆ, ಕಾರು "ಸರಿ, ಕಳಿಸು" ಅಂದಾಗ 6 ಆಗತ್ತೆ. ಆ 6 ಬಂದ ಮೇಲೇ ಡಬ್ಬಿಯೊಳಗಿನ ರಿಲೇ (ತಾನೇ ಆನ್ ಆಫ್ ಆಗೋ ಸ್ವಿಚ್ಚು) "ಟಕ್" ಅಂತ ಕೂತ್ಕೊಂಡು ಕರೆಂಟ್ ಬಿಡೋದು.

ಹಾಗಾಗಿ ಮನೆ ನಿಶ್ಶಬ್ದ ಇರೋ ಹೊತ್ತಲ್ಲಿ ಗನ್ ಹಾಕಿ ಕಿವಿ ಕೊಡಿ. ಡಬ್ಬಿಯಲ್ಲಿ ಲೈಟೇ ಇಲ್ಲ ಅಂದ್ರೆ ತೊಂದರೆ ಗೋಡೇಲಿ ಅಥವಾ ಡಬ್ಬೀಲೇ. ಲೈಟ್ ಇದೆ, ಕೆಂಪು ದೀಪ ಇಲ್ಲ, ಆದ್ರೂ ಟಕ್ ಬರ್ಲೇ ಇಲ್ಲ ಅಂದ್ರೆ ಕಾರು ಕರೆಂಟ್ ಕೇಳ್ತಾನೇ ಇಲ್ಲ ಅಥವಾ ಕೇಳಿದ್ದು ಡಬ್ಬಿಗೆ ತಲುಪ್ತಿಲ್ಲ, ಅಂದ್ರೆ ಟೈಮರ್, ಪಿನ್ನು, ಲಾಕು, 12 ವೋಲ್ಟ್ ಬ್ಯಾಟರಿ ಈ ಕಡೆ ನೋಡಿ. ಟಕ್ ಅಂದು ಕೆಲವು ಸೆಕೆಂಡಲ್ಲಿ ಮತ್ತೆ ಟಕ್ ಅಂತ ಬಿಟ್ರೆ ಲೀಕೇಜು (ಕರೆಂಟ್ ದಾರಿ ತಪ್ಪಿ ಸೋರೋದು), ವೋಲ್ಟೇಜ್ ಕುಸಿತ ಅಥವಾ ಕಾರಿನ ಚಾರ್ಜರ್. ಅರ್ಧ ಗಂಟೆ ಚೆನ್ನಾಗಿ ನಡೆದು ಆಮೇಲೆ ನಿಂತ್ರೆ ಮೊದಲ ಅನುಮಾನ ಬಿಸಿ ಮೇಲೆ.

ಬಿಸಿ ವಿಷ್ಯಕ್ಕೇ ಬರೋಣ, ಇದು ಬೆಂಕಿ ಹತ್ತೋ ವಿಷ್ಯ. ನೀರು ಕಾಯ್ಸೋ ಕೆಟಲ್ ಐದು ನಿಮಿಷ ಕರೆಂಟ್ ಎಳೆಯತ್ತೆ, ಕಾರು ಹತ್ತು ಗಂಟೆ ಬಿಡದೆ ಎಳೆಯತ್ತೆ, ಸಾಕೆಟ್ ಒಳಗಿನ ಸ್ಪ್ರಿಂಗ್ ಸಡಿಲ ಆಗಿದ್ರೆ ಅಲ್ಲೇ ಕಾಯೋಕೆ ಶುರು. ಅರ್ಧ ಗಂಟೆ ಆದ್ಮೇಲೆ ಚಾರ್ಜಿಂಗ್ ನಿಲ್ಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ರೆ ಪರವಾಗಿಲ್ಲ, ಕೈ ಇಡೋಕಾಗ್ದಷ್ಟು ಸುಡ್ತಿದ್ರೆ ಅಥವಾ ಪಿನ್ ಸುತ್ತ ಕಂದು ಬಣ್ಣ, ಸುಟ್ಟ ವಾಸನೆ ಇದ್ರೆ ಆ ಸಾಕೆಟ್ ಇನ್ನು ಬಳಸ್ಬೇಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡ್ವೇ ಬೇಡ. ಆಂಪ್ ಕಮ್ಮಿ ಮಾಡೋ ಆಯ್ಕೆ ಇದ್ರೆ 12ರಿಂದ 6ಕ್ಕೆ ಇಳಿಸಿ ನೋಡಿ: ಕರೆಂಟ್ ಅರ್ಧ ಆದ್ರೆ ಕಾಂಟ್ಯಾಕ್ಟಲ್ಲಿ ಹುಟ್ಟೋ ಬಿಸಿ ಕಾಲು ಭಾಗ ಆಗತ್ತೆ. 6ರಲ್ಲಿ ರಾತ್ರಿಯಿಡೀ ನಡೆದು 12ರಲ್ಲಿ ನಿಂತ್ರೆ ವೈರಿಂಗ್ ಅಥವಾ ಸಾಕೆಟ್ ಮೇಲೇ ಗುಮಾನಿ, ಎಲೆಕ್ಟ್ರಿಷಿಯನ್‌ನ ಕರೀರಿ.

ಡಬ್ಬಿಯಲ್ಲಿ ಕೆಂಪು ದೀಪ ಬಂದ್ರೆ ಅರ್ಥಿಂಗ್ ನೋಡಿಸಿ. ರೆನೋ ಜೋಯಿ ಥರದ ಕಾರುಗಳು ಅರ್ಥಿಂಗ್ ವಿಷ್ಯದಲ್ಲಿ ಬಹಳ ಕಟ್ಟುನಿಟ್ಟು, ಬೇರೆ ಕಾರು ತಕರಾರಿಲ್ಲದೆ ಚಾರ್ಜ್ ಆಗೋ ಸಾಕೆಟ್ಟನ್ನೂ ಇವು ಒಪ್ಪದೇ ಇರ್ಬಹುದು. ಲೀಕೇಜ್ ಬ್ರೇಕರ್ ಬೀಳ್ತಿದ್ರೆ ಗನ್ನನ್ನ ಕಾರಿಗೆ ಹಾಕದೆ ಬರೀ ಡಬ್ಬಿ ಆನ್ ಮಾಡಿ, ಆಗಲೂ ಬಿದ್ರೆ ಕಾರಿನ ತಪ್ಪಲ್ಲ. ಕಾರಿಗೆ ಹಾಕಿ ಟಕ್ ಅಂದ ತಕ್ಷಣ ಬಿದ್ರೆ ಗನ್ನಲ್ಲಿ, ಪೋರ್ಟಲ್ಲಿ ನೀರು ಕೂತಿರ್ಬಹುದು, ಇಲ್ಲಾ ಕಾರಿನ ಚಾರ್ಜರ್ ಲೀಕ್ ಆಗ್ತಿರ್ಬಹುದು. ಬ್ರೇಕರ್ ತೆಗೆದು ನೇರ ಕೊಡೋ ಐಡಿಯಾ ಯಾರಾದ್ರೂ ಕೊಟ್ರೆ ಅವರನ್ನ ಕಾರಿನ ಹತ್ರ ಬಿಡ್ಬೇಡಿ.

ಮೇನ್ ಆಫ್ ಮಾಡಿ, ಟಾರ್ಚ್ ಹಿಡಿದು ಪಿನ್ ನೋಡಿ. ಕಪ್ಪು, ಹಸಿರು ಕಟ್ಟಿದ್ರೆ ಒಣ ಬ್ರಷ್ ಸಾಕು, ಉಪ್ಪು ಕಾಗದ ಹಾಕಿ ಉಜ್ಜಿದ್ರೆ ಮೇಲಿನ ಲೇಪನೇ ಹೋಗತ್ತೆ. ಟೈಪ್ 1 ಗನ್ನಿನ ಬಟನ್ ಪೂರ್ತಿ ವಾಪಸ್ ಬರ್ದೇ ಇದ್ರೆ ಕಾರು, ಗನ್ ಕೀಳ್ತಿದಾರೆ ಅಂದ್ಕೊಂಡು ಚಾರ್ಜಿಂಗ್ ನಿಲ್ಸತ್ತೆ, ಧೂಳು ತುಂಬಿದ ಹಳೇ ಗನ್ನಲ್ಲಿ ಇದು ಆಗೋದುಂಟು. ಟೈಪ್ 2ರಲ್ಲಿ ಲಾಕ್ ಪಿನ್ ಸರಿಯಾಗಿ ಒಳಗೆ ಹೋಗ್ಬೇಕು.

12 ವೋಲ್ಟ್ ಬ್ಯಾಟರಿ ಯಾರ ನೆನಪಿಗೂ ಬರಲ್ಲ. ಪೆಟ್ರೋಲ್ ಕಾರಲ್ಲಿ ಅದು ಸಾಯೋ ಮುಂಚೆ ಸ್ಟಾರ್ಟರ್ ನರಳತ್ತೆ, ನಮಗೆ ಗೊತ್ತಾಗತ್ತೆ. ಇಲ್ಲಿ ಆ ಮುನ್ಸೂಚನೆ ಇಲ್ಲ. ದೊಡ್ಡ ಬ್ಯಾಟರಿನ ಜೋಡಿಸೋ ಕಾಂಟ್ಯಾಕ್ಟರ್‌ಗಳಿಗೆ, ಅಂದ್ರೆ ದಪ್ಪ ಸ್ವಿಚ್ಚುಗಳಿಗೆ, ಶಕ್ತಿ ಕೊಡೋದು ಈ ಚಿಕ್ಕ ಬ್ಯಾಟರಿನೇ, ಅದು ಸೊರಗಿದ್ರೆ ಸಂಬಂಧ ಇಲ್ಲದ ವಾರ್ನಿಂಗ್ ಎಲ್ಲಾ ಬರತ್ತೆ. ಲೆಡ್ ಆಸಿಡ್ ಬ್ಯಾಟರಿ ಆದ್ರೆ ಕಾರು ರಾತ್ರಿ ಸುಮ್ನೆ ನಿಂತಿದ್ದ ಮೇಲೆ ಮಲ್ಟಿಮೀಟರಲ್ಲಿ 12.6 ಆಸುಪಾಸು ಇದ್ರೆ ಚೆನ್ನಾಗಿದೆ, 12ಕ್ಕಿಂತ ಕೆಳಗಿದ್ರೆ ಅದನ್ನೇ ಮೊದಲು ಚಾರ್ಜ್ ಮಾಡಿ ಅಥವಾ ಬದಲಾಯಿಸಿ.

ಇನ್ನು ನಿಧಾನ ಅನ್ನೋರು. 230 ವೋಲ್ಟು, 10 ಆಂಪ್ ಅಂದ್ರೆ 2.3 ಕಿಲೋವ್ಯಾಟ್ ಅಷ್ಟೇ, ಮೊದಲ ನಿಸಾನ್ ಲೀಫ್‌ನ 24 ಕಿಲೋವ್ಯಾಟ್ ಅವರ್ ಬ್ಯಾಟರಿ ತುಂಬೋಕೆ ಹತ್ತು ಗಂಟೆ ಮೇಲೆ ಬೇಕೇ ಬೇಕು, ಅದು ರಿಪೇರಿ ಮಾಡೋ ವಿಷ್ಯ ಅಲ್ಲ. ಚಳೀಲಿ, ಕೊನೆಯ ಕೆಲವು ಪರ್ಸೆಂಟಲ್ಲಿ ಇನ್ನೂ ನಿಧಾನ.

ಇಷ್ಟಾದ್ರೂ ಆಗ್ಲಿಲ್ಲ ಅಂದ್ರೆ ಗೊತ್ತಿರೋ ಬೇರೆ ಕಡೆ ಒಂದ್ಸಲ ಎಸಿ ಚಾರ್ಜ್ ಹಾಕಿ ನೋಡಿ, ಅಲ್ಲೂ ಆಗ್ಲಿಲ್ಲ ಅಂದ್ರೆ ತೊಂದರೆ ಕಾರಿನೊಳಗಿನದ್ದು. ಕಿತ್ತಳೆ ಬಣ್ಣದ ಕೇಬಲ್ ಯಾವುದನ್ನೂ ಮುಟ್ಬೇಡಿ, ಅದು ನೂರಾರು ವೋಲ್ಟ್ ಡಿಸಿ. ಸರ್ವೀಸಿಗೆ ಹೋಗುವಾಗ ಚೀಟೀಲಿ ಬರ್ಕೊಂಡು ಹೋಗಿ: ಯಾವ ಲೈಟ್ ಬಂತು, ಟಕ್ ಬಂತಾ, ಎಷ್ಟು ಆಂಪಿಗೆ, ಎಷ್ಟು ನಿಮಿಷಕ್ಕೆ ನಿಂತ್ಹೋಯ್ತು.