ಮಿರಗದ ಹುಳಕ್ಕ ಎಷ್ಟು ಕಾಲ?

ಮಿರಗದ (ಮೃಗಶಿರಾ) ಮಳೆ ಬಿದ್ದು ಎರಡು ಮೂರು ದಿನಕ್ಕೆ ನಮ್ಮ ಕಲಬುರಗಿ ಕಡೆ ಹೊಲದಾಗ ಕೆಂಪು ಮಖಮಲ್ಲಿನ ಗುಂಡಿಯಂಥ ಹುಳ ಹರಿದಾಡುತ್ತದೆ. ಅದೇ ಮಿರಗದ ಹುಳ. ಹೋದ ವರ್ಷ ಮೊಮ್ಮಗ ಒಂದನ್ನು ಬಟ್ಟಲದಾಗ ಹಾಕಿಕೊಂಡು ಬಂದು, "ಆಯಿ, ಇದರ ಚಿತ್ರ ತೆಗಿ" ಅಂದ.

"ಮೊದಲ ಕಾಲ ಎಣಸು," ಅಂದೆ.

ಎಂಟು! ಅವನ ಅಕ್ಕ ಒಪ್ಪಲಿಲ್ಲ. ಕೀಟಕ್ಕೆ ಆರೇ ಕಾಲು ಅಂತ ಸಾಲಿಯಲ್ಲಿ ಕಲಿಸಿದ್ದಾರೆ ಅಂದಳು. ಇಬ್ಬರದೂ ಖರೆ. ಮಿರಗದ ಹುಳ ಕೀಟವೇ ಅಲ್ಲ, ಜೇಡ, ಚೇಳಿನ ಬಳಗದ್ದು. ಯಾದಗಿರಿ ಜಿಲ್ಲೆಯ ಕಂದಕೂರ ಗುಡ್ಡದಲ್ಲಿ ನಾಗರಪಂಚಮಿಗೆ ಜನ ಮೈಮೇಲೆ ಬಿಟ್ಟುಕೊಳ್ಳುತ್ತಾರಲ್ಲ, ಆ ಚೇಳಿಗೂ ಮುಂದಿನ ಇಕ್ಕಳ ಬಿಟ್ಟು ಎಣಿಸಿದರೆ ಎಂಟೇ ಕಾಲು. ಆವತ್ತು ಕರೆಂಟ್ ಹೋಗಿತ್ತು, ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಇಡೀ ಮಧ್ಯಾಹ್ನ ಹುಳ ಬರೆದು ಬಣ್ಣ ತುಂಬುವುದರಲ್ಲೇ ಹೋಯಿತು.

ಬಣ್ಣ ತುಂಬುವ ಪುಸ್ತಕ ತರಬೇಡಿ ಅಂತ ನನ್ನ ಸಲಹೆ. ನಾನೂ ಒಂದು ತಂದಿದ್ದೆ. ಅದರಲ್ಲಿ ಜೇನುಹುಳ ಹಲ್ಲು ಕಿಸಿದು ನಗುತ್ತಿತ್ತು, ಕಾಲು ನಾಲ್ಕು. ಗೆರೆಯೊಳಗೆ ಬಣ್ಣ ತುಂಬಿ ಮುಗಿಸಿದ ಹುಡುಗ ಹುಳದ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಹಳೆ ಕ್ಯಾಲೆಂಡರಿನ ಹಿಂಬದಿ ಸಾಕು. ಹುಳವನ್ನು ಗಾಜಿನ ಲೋಟದ ಕೆಳಗೆ ಹತ್ತು ನಿಮಿಷ ಇಟ್ಟು ನೋಡಲಿ. ಬಿಟ್ಟುಬಂದ ಮೇಲೆ ನೆನಪಿನಿಂದ ಬರೆಯಲಿ. ಕೀಟವಾದರೆ ತಲೆ, ಎದೆ, ಹೊಟ್ಟೆ ಮೂರಕ್ಕೂ ಬೇರೆ ಬೇರೆ ಬಣ್ಣ ಹಚ್ಚಲಿ. ಮಕ್ಕಳು ಕಾಲನ್ನು ಹೊಟ್ಟೆಗೇ ಅಂಟಿಸುತ್ತಾರೆ. ಕೀಟದ ಆರೂ ಕಾಲು ಎದೆಯಿಂದ ಬರುತ್ತವೆ, ರೆಕ್ಕೆಯೂ ಅಲ್ಲಿಂದಲೇ. ತಪ್ಪಿದರೆ ರಬ್ಬರ್ ಕೊಡಬೇಡಿ, ಇನ್ನೊಂದು ಹಾಳೆ ಕೊಡಿ.

ಬಣ್ಣ ಅಡುಗೆಮನೆಯಲ್ಲೇ ಸಿಗುತ್ತದೆ. ಅರಿಶಿಣ ಹಳದಿ, ಪಾಲಕ ಅರೆದ ರಸ ಹಸಿರು, ಗಟ್ಟಿ ಚಹಾ ಕಂದು, ಹಂಚಿನ ಮಸಿ ಕಪ್ಪು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಉಳಿದ ಕೆಂಪು ಹುರಮಂಜು ಇದ್ದರೆ ಮಿರಗದ ಹುಳಕ್ಕೆ ಅದೇ ಸರಿ. ಇಲ್ಲದಿದ್ದರೆ ಅರಿಶಿಣದ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ, ಕೆಂಪಾಗುತ್ತದೆ. ಅದಕ್ಕೆ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ಇದನ್ನು ಒಮ್ಮೆ ತೋರಿಸಿದರೆ ಹುಡುಗರು ಅರ್ಧ ತಾಸು ಬೇರೆ ಏನೂ ಕೇಳುವುದಿಲ್ಲ. ಆರತಿ ನೀರಿಗೆ ನಾವು ಸುಣ್ಣ ಹಾಕುತ್ತೇವೆ ನಿಜ, ಆದರೆ ಸುಣ್ಣ ಎಳೆ ಕೈ ಸುಡುತ್ತದೆ, ಕಣ್ಣಿಗೂ ಕೆಟ್ಟದ್ದು. ಬಣ್ಣ ಹರಿಯದಂತೆ ಚಮಚ ಅಕ್ಕಿ ಗಂಜಿ ಬೆರೆಸಿ. ಆವತ್ತಿನದು ಆವತ್ತೇ ಮಾಡಿಕೊಳ್ಳಿ, ಮರುದಿನಕ್ಕೆ ನಾರುತ್ತದೆ. ಅರಿಶಿಣದ ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ಹಚ್ಚಬೇಡಿ, ಬಣ್ಣ ಹೋಗುತ್ತದೆ.

ಮಳೆ ಬಂದ ರಾತ್ರಿ ಟ್ಯೂಬ್‌ಲೈಟಿಗೆ ಮುತ್ತುವ ರೆಕ್ಕೆಯ ಗೆದ್ದಲು ಬೆಳಿಗ್ಗೆ ಹೊಸ್ತಿಲ ಬಳಿ ರೆಕ್ಕೆ ಉದುರಿಸಿ ಹೋಗಿರುತ್ತವೆ. ಗುಡಿಸಿ ಚೆಲ್ಲುವ ಮೊದಲು ಒಂದು ಮುಷ್ಟಿ ಎತ್ತಿಡಿ. ಗೆದ್ದಲಿನ ಮೈಯನ್ನಷ್ಟೇ ಬರೆದು, ರೆಕ್ಕೆ ಬಣ್ಣದಿಂದಲ್ಲ, ಈ ಉದುರಿದವನ್ನೇ ಗಂಜಿಯಿಂದ ಅಂಟಿಸಬೇಕು. ಒಂದೊಂದಕ್ಕೆ ನಾಲ್ಕು, ನಾಲ್ಕೂ ಒಂದೇ ಅಳತೆ. ಪಕ್ಕದಲ್ಲಿ ರೆಕ್ಕೆಯ ಇರುವೆ ಬರೆಸಿ. ಅದರ ಮುಂದಿನ ರೆಕ್ಕೆ ದೊಡ್ಡವು, ಹಿಂದಿನವು ಸಣ್ಣವು, ನಡು ಸಣ್ಣದು, ಮೀಸೆ ಮೊಣಕೈಯಂತೆ ಮಡಿಚಿರುತ್ತದೆ. ಗೆದ್ದಲಿಗೆ ನಡುವೇ ಇಲ್ಲ, ಮೀಸೆ ಮಣಿ ಪೋಣಿಸಿದಂತೆ ನೆಟ್ಟಗೆ. ಎರಡೂ ಒಂದೇ ಅಂತ ನಾನೇ ಅರವತ್ತು ವರ್ಷ ತಿಳಿದಿದ್ದೆ.

ದೊಡ್ಡ ಮಕ್ಕಳಿಗೆ ತೊಗರಿಯ ಕಾಯಿಕೊರಕ ಒಳ್ಳೆಯ ಕೆಲಸ. ಒಂದು ಉದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ: ಮೊಗ್ಗಿನ ಮೇಲೆ ತತ್ತಿ, ಕಾಯಿಯೊಳಗೆ ತಲೆ ಇಟ್ಟ ಕೀಡಿ, ಮಣ್ಣಿನೊಳಗಿನ ಕೋಶ, ಕೊನೆಗೆ ಮಾಸಲು ಬಣ್ಣದ ಪತಂಗ. ಕೀಡಿಗೆ ಯಾವ ಬಣ್ಣ ಅಂತ ಜಗಳ ಬೇಡ. ಅದು ಹಸಿರೂ ಇರುತ್ತದೆ, ಕಂದೂ ಇರುತ್ತದೆ, ಹಳದಿಯೂ. ಗಿಡ ಅಲುಗಾಡಿಸಿ ಕೆಳಗೆ ಹಾಸಿದ ಬಟ್ಟೆಯ ಮೇಲೆ ಕೀಡಿ ಬೀಳಿಸಿ ಆರಿಸುತ್ತಿದ್ದುದನ್ನು ನಾನು ಹೇಳಿದಾಗ ಮೊಮ್ಮಗ ಐದನೇ ಮಡಿಕೆ ಮಾಡಿ ಅದನ್ನೂ ಬರೆದ.

ಎರಡು ಎಚ್ಚರಿಕೆ. ಕಂಬಳಿ ಹುಳವನ್ನು ಯಾರೂ ಮುಟ್ಟಬಾರದು, ಕೂದಲು ಚುಚ್ಚಿ ತುರಿಕೆ ಎದ್ದರೆ ರಾತ್ರಿಯೆಲ್ಲ ಅಳು. ಹುಳ ಹುಡುಕಲು ಕಲ್ಲು ಎತ್ತಬಾರದು, ಮಳೆಗಾಲದಲ್ಲಿ ಕೆಳಗೆ ಚೇಳು ಇರುತ್ತದೆ.

ಹಾಂ, ಕೂಡುವ ಮೊದಲು ಹಳೆ ಚಾಪೆ ಹಾಸಿ. ನಾನು ಮರೆತೆ. ಶಹಾಬಾದಿ ಫರಸಿಯ ಮೇಲೆ ಸೋಡಾ ಅರಿಶಿಣದ ಕಲೆ ಬಿದ್ದು, ತಿಕ್ಕಿದರೂ ಪೂರ್ತಿ ಹೋಗಲಿಲ್ಲ. ಸೊಸೆ ಈಗ ಅದರ ಮೇಲೆಯೇ ರಂಗೋಲಿ ಹಾಕುತ್ತಾಳೆ.